ತೂಬು ತೆಗೆಯುವ ಮಾತ್ರೆ

ಮೂರನೇ ಸೆಮಿಸ್ಟರಿನ ಒಂಬತ್ತನೇ ವಾರ ನಾನು ನರ್ಸಿಂಗ್ ಬಿಟ್ಟುಬಿಡಬೇಕು ಅಂತ ತೀರ್ಮಾನ ಮಾಡಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಬಸ್ಸಿನಲ್ಲಿ ಜೊತೆಗೆ ಬರುವ ಗೆಳತಿಗೆ ಮಾತ್ರ ಹೇಳಿದ್ದೆ. ಅವಳು ಕೈ ಹಿಡಿದುಕೊಂಡು ಸುಮ್ನೆ ಕೂತಳು. ಅವಳಿಗೂ ಏನು ಹೇಳಬೇಕು ಅಂತ ತೋಚಲಿಲ್ಲ.

ಈಗ ನಾನು ಆರನೇ ಸೆಮಿಸ್ಟರ್. ಹೋದ ವಾರ ಜೂನಿಯರ್ ಒಬ್ಬಳು ಅದೇ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು, 'ಅಕ್ಕಾ, ಫಾರ್ಮಕಾಲಜಿ ತಲೆಗೇ ಹತ್ತುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತೆ' ಅಂದಳು. ಫಾರ್ಮಕಾಲಜಿ ಅಂದರೆ ಔಷಧಿಗಳ ಪಾಠ. ಕೋಲಾರ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಅರ್ಧ ಮಾತ್ರ ಹೇಳೋಕಾಯ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ನಮ್ಮ ಕಡೆ ಹೆಚ್ಚಿನ ಮಕ್ಕಳ ಕಥೆ ಇದೇ. ಅಮ್ಮ ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಕಾಯಿ ಕಿತ್ತು, ಆರಿಸಿ, 15 ಕೆಜಿ ಬಾಕ್ಸಿಗೆ ತುಂಬುವ ಕೆಲಸ. ನಮಗೆ ಅರ್ಧ ಎಕರೆ ಸ್ವಂತದ್ದೂ ಇದೆ. ಅದರಲ್ಲಿ ಬೆಳೆ ಬಂದರೆ ವಡ್ಡಹಳ್ಳಿ ಮಾರ್ಕೆಟ್ಟಿಗೆ ಹಾಕುತ್ತೇವೆ. ಕಟಾವಿನ ದಿನ ಮನೆಯಲ್ಲಿ ಎಲ್ಲರ ಕೈಯೂ ಬೇಕು, ನನ್ನದೂ.

ಬಿಎಸ್ಸಿ ನರ್ಸಿಂಗಿನ ಮೂರನೇ ಸೆಮಿಸ್ಟರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2021ರ ಹೊಸ ಸಿಲಬಸ್‌ನಲ್ಲಿ ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಹಾಸಿಗೆ ಹಾಸೋದು, ಬಿಪಿ ನೋಡೋದು. ಮೂರನೇದಕ್ಕೆ ಬಂದ ಕೂಡಲೇ ಮೈಕ್ರೋಬಯಾಲಜಿ, ಫಾರ್ಮಕಾಲಜಿ, ಪೆಥಾಲಜಿ ಒಟ್ಟಿಗೆ ಬರುತ್ತವೆ. ಜೊತೆಗೆ ಅಡಲ್ಟ್ ಹೆಲ್ತ್ ನರ್ಸಿಂಗ್. ಅದೊಂದಕ್ಕೇ ವಾರ್ಡಿನಲ್ಲಿ 480 ಗಂಟೆ. ಪ್ರತಿ ಪೋಸ್ಟಿಂಗಿಗೂ, ಅಂದರೆ ವಾರ್ಡಿನ ಪ್ರತಿ ಸರದಿಗೂ, ರೋಗಿಯ ಆರೈಕೆಯ ಕೇರ್ ಪ್ಲಾನ್ ಬರೆಯಬೇಕು, ಔಷಧಿಗಳ ವಿವರದ ಡ್ರಗ್ ಬುಕ್ ತುಂಬಬೇಕು, ಕೇಸ್ ಪ್ರೆಸೆಂಟೇಶನ್ ಕೊಡಬೇಕು.

ಎಲ್ಲರೂ ಎಡವುವ ಒಂದು ಜಾಗ ಇಲ್ಲಿದೆ. ಮೂರನೇ ಸೆಮಿಸ್ಟರಿನಲ್ಲಿ ಫಾರ್ಮಕಾಲಜಿಗೆ ಯೂನಿವರ್ಸಿಟಿ ಪರೀಕ್ಷೆ ಇಲ್ಲ. ಬರೀ ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಪರೀಕ್ಷೆ. ಪರೀಕ್ಷೆ ನಾಲ್ಕನೇದರಲ್ಲಿ, ಎರಡೂ ಸೆಮಿಸ್ಟರಿನ ಪಾಠ ಸೇರಿಸಿ. ಹಾಗಾಗಿ 'ಆಮೇಲೆ ನೋಡಿಕೊಂಡರಾಯ್ತು' ಅಂತ ಎಲ್ಲರೂ ಪಕ್ಕಕ್ಕಿಡುತ್ತಾರೆ. ನಾನೂ ಇಟ್ಟೆ. ಆದರೆ ಮೂರನೇದರ ಇಂಟರ್ನಲ್ ಅಂಕ ಎಲ್ಲೂ ಹೋಗಲ್ಲ, ಮುಂದಿನದಕ್ಕೆ ಸೇರುತ್ತೆ. ಇದನ್ನು ಮೊದಲ ವಾರವೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ ಬಂದದ್ದು 30ಕ್ಕೆ 8.

ಪೇಪರ್ ಕೈಗೆ ಬಂದ ದಿನ ಎಲ್ಲರೂ ಊಟಕ್ಕೆ ಹೋದ ಮೇಲೂ ನಾನು ಕ್ಲಾಸಿನಲ್ಲೇ ಇದ್ದೆ. ಓದಿರಲಿಲ್ಲ ಅಂತಲ್ಲ. ಓದಿದ್ದೆ. ಬಾಯಿಪಾಠ ಮಾಡಿದ್ದೆ. ಆ ಉದ್ದುದ್ದ ಇಂಗ್ಲಿಷ್ ಸಾಲುಗಳಲ್ಲಿ ನಡುವೆ ಒಂದು ಪದ ಕೈಕೊಟ್ಟರೆ ಮುಂದಿನದು ಯಾವುದೂ ಬರುತ್ತಿರಲಿಲ್ಲ. ಅವತ್ತಿಂದ ವಾರ್ಡಿನಲ್ಲೂ ಭಯ ಶುರುವಾಯ್ತು. ಒಂದು ದಿನ ಮೇಡಂ ಒಬ್ಬರು ಬೆಡ್ ಪಕ್ಕ ನಿಂತು 'ಈ ಮಾತ್ರೆ ಯಾಕೆ ಕೊಡ್ತಾರೆ ಹೇಳಮ್ಮ' ಅಂತ ಕೇಳಿದರೆ, ಗೊತ್ತಿದ್ದ ಉತ್ತರವೂ ಗಂಟಲಿನಲ್ಲೇ ನಿಂತಿತು. ರೋಗಿಯ ಮನೆಯವರೆಲ್ಲ ನೋಡುತ್ತಿದ್ದರು.

ನಮ್ಮಲ್ಲಿ ಮೆಂಟರ್ ಪದ್ಧತಿ ಇದೆ. ಇಷ್ಟು ಹುಡುಗಿಯರಿಗೆ ಒಬ್ಬ ಮೇಡಂ ಅಂತ ಹಂಚಿರುತ್ತಾರೆ. ಒಂದು ಫಾರಂ ಇರುತ್ತೆ: ಹಾಜರಾತಿ, ಅಂಕ, ಸಮಸ್ಯೆ, ಸಲಹೆ, ಸಹಿ. ಮೊದಲ ವರ್ಷ ನಾವು ಸಾಲಾಗಿ ನಿಂತು 'ಸಮಸ್ಯೆ' ಅನ್ನುವ ಕಡೆ 'ಇಲ್ಲ' ಅಂತ ಬರೆದು ಸಹಿ ಹಾಕಿ ಬರುತ್ತಿದ್ದೆವು. ಎರಡನೇ ವರ್ಷ ಮೆಂಟರ್ ಬದಲಾದರು. ಈ ಮೇಡಂ ಗುರುವಾರ ಮಧ್ಯಾಹ್ನ ಮೂರೂವರೆಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು, ಹದಿನೈದು ನಿಮಿಷ.

ಒಂಬತ್ತನೇ ವಾರದ ಗುರುವಾರ ನಾನು ಹೋದಾಗ ಬಿಡುವ ವಿಷಯ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಅವರು ಅಂಕದ ಬಗ್ಗೆ ಏನೂ ಕೇಳಲಿಲ್ಲ. ಹಾಜರಾತಿ ಪುಸ್ತಕ ನನ್ನ ಕಡೆ ತಿರುಗಿಸಿದರು. 'ಫಾರ್ಮಕಾಲಜಿ ಈ ಸೆಮಿಸ್ಟರಿಗೆ ಒಟ್ಟು 20 ಗಂಟೆ. ಶೇಕಡಾ 80 ಅಂದ್ರೆ 16. ನಾಲ್ಕು ತಪ್ಪಿಸಬಹುದು. ನೀನು ಮೂರು ತಪ್ಪಿಸಿದ್ದೀಯ. ಮೂರೂ ಸೋಮವಾರ. ಸೋಮವಾರ ಏನು?'

ಟೊಮೆಟೊ ಅಂದೆ. ನಗಲಿಲ್ಲ, ಬೈಯಲೂ ಇಲ್ಲ. ಎಷ್ಟು ದಿನಕ್ಕೊಮ್ಮೆ ಕೀಳುತ್ತೀರಿ, ಎಷ್ಟು ಜನ ಇದ್ದೀರಿ ಅಂತ ಕೇಳಿದರು. 'ಅಮ್ಮನಿಗೆ ಸಹಾಯ ಮಾಡಬೇಡ ಅಂತ ನಾನು ಹೇಳಲ್ಲ. ಭಾನುವಾರ ಕಿತ್ತು ಇಡೋಕಾಗುತ್ತಾ ಕೇಳು. ತಪ್ಪಿಸೋಕೆ ನಿನ್ನ ಹತ್ತಿರ ಇನ್ನು ಒಂದೇ ಕ್ಲಾಸ್ ಉಳಿದಿದೆ, ಅದನ್ನ ಜ್ವರ ಬಂದರೆ ಅಂತ ಇಟ್ಕೋ' ಅಂದರು. ಅಮ್ಮನನ್ನು ಕೇಳಿದೆ. ಅಮ್ಮ, 'ಇದಕ್ಕೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?' ಅಂದಳು. ಅಲ್ಲಿಗೆ ಮುಗೀತು.

ಬಿಡುವ ವಿಷಯ ಅವತ್ತು ಹೇಳೋಕಾಗಲಿಲ್ಲ. ಮುಂದಿನ ಗುರುವಾರ ಹೇಳೋಣ ಅಂದುಕೊಂಡೆ.

ಆ ಗುರುವಾರ ಬರುವ ಮುಂಚೆ, ಮಂಗಳವಾರ, ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಅಜ್ಜಿ ಸಿಕ್ಕರು. ಹೃದಯದ ತೊಂದರೆ, ಎರಡೂ ಕಾಲು ಊದಿದ್ದವು. ಬೆರಳಿನಿಂದ ಒತ್ತಿದರೆ ಗುಂಡಿ ಬಿದ್ದು ನಿಧಾನಕ್ಕೆ ಮೇಲೆ ಬರುತ್ತಿತ್ತು. ಮೈಯಲ್ಲಿ ತುಂಬಿದ ನೀರು ಇಳಿಸುವ ಬೆಳಗಿನ ಫ್ಯೂರೋಸೆಮೈಡ್ ಮಾತ್ರೆಯನ್ನು ಅವರು ನುಂಗದೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದರು. ಕೇಳಿದರೆ, ತಗೊಂಡರೆ ಪದೇಪದೇ ಎದ್ದು ಹೋಗಬೇಕಾಗುತ್ತೆ, ಬಾತ್‌ರೂಮ್ ದೂರ, ಎಲ್ಲರೂ ನೋಡ್ತಾರೆ, ರಾತ್ರಿ ನುಂಗ್ತೀನಿ ಅಂತ ತೆಲುಗಿನಲ್ಲಿ ಹೇಳಿದರು.

ನಾನು ಅವರ ಮಂಚದ ಪಕ್ಕ ಕೂತೆ. ತೆಲುಗಿನಲ್ಲೇ ಹೇಳಿದೆ. ಅವ್ವಾ, ನಿಮ್ಮೂರಲ್ಲಿ ಕೆರೆ ಇದೆ ಅಲ್ವಾ? ಮಳೆ ಜಾಸ್ತಿ ಬಂದು, ತೂಬು ಮುಚ್ಚಿಕೊಂಡಿದ್ದರೆ ನೀರು ಎಲ್ಲಿಗೆ ಹೋಗುತ್ತೆ? ಪಕ್ಕದ ಹೊಲಕ್ಕೆ ನುಗ್ಗುತ್ತೆ. ನಿಮ್ಮ ಕಾಲಿಗೆ ಆಗಿರೋದು ಅದೇ. ಎದೆ ಸುಸ್ತಾಗಿ ನೀರನ್ನು ಮುಂದಕ್ಕೆ ತಳ್ಳೋಕಾಗುತ್ತಿಲ್ಲ, ನೀರು ಕಾಲಿಗೆ ಇಳಿದು ನಿಂತಿದೆ. ಈ ಮಾತ್ರೆ ತೂಬು ತೆಗೆಯುತ್ತೆ. ಕಿಡ್ನಿ ಹತ್ತಿರ ಹೋಗಿ, ಈ ಉಪ್ಪು ನೀರನ್ನ ವಾಪಸ್ ಎಳ್ಕೋಬೇಡ, ಹೊರಗೆ ಬಿಡು ಅನ್ನುತ್ತೆ. ಅದಕ್ಕೇ ಪದೇಪದೇ ಹೋಗಬೇಕು ಅನ್ನಿಸುತ್ತೆ. ರಾತ್ರಿ ನುಂಗಿದರೆ ಕತ್ತಲಲ್ಲಿ ಎದ್ದು ಬಿದ್ದುಬಿಡ್ತೀರಿ, ನಿದ್ದೆಯೂ ಇಲ್ಲ. ಪೊದ್ದುನ್ನೇ ಏಸುಕೋವಾಲ, ಬೆಳಿಗ್ಗೆಯೇ ತಗೋಬೇಕು. ನೀರಿನ ಜೊತೆ ಮೈಗೆ ಬೇಕಾದ ಒಂದು ಉಪ್ಪೂ ಹೋಗಿಬಿಡುತ್ತೆ, ಮೀನಖಂಡ ಹಿಡಿದುಕೊಂಡರೆ, ಸುಸ್ತು ಅನ್ನಿಸಿದರೆ ಸುಮ್ಮನಿರಬೇಡಿ, ನನ್ನನ್ನ ಕರೀರಿ.

ಅಜ್ಜಿ ಗಂಟು ಬಿಚ್ಚಿದರು. ಸೆರಗಿನಲ್ಲಿದ್ದ ಮಾತ್ರೆ ಒದ್ದೆಯಾಗಿತ್ತು. ಸಿಸ್ಟರ್‌ಗೆ ಹೇಳಿದೆ. ಅವರು ಚಾರ್ಟ್ ನೋಡಿ, ಡಾಕ್ಟರ್ ಹತ್ತಿರ ಕೇಳಿ ಅದೇ ಮಾತ್ರೆ ಹೊಸದು ಕೊಟ್ಟರು. ಬಾತ್‌ರೂಮಿಗೆ ಹೋಗುವಾಗೆಲ್ಲ ನಾನು ಕೈ ಹಿಡಿದುಕೊಂಡು ಹೋದೆ. ಮೂತ್ರ ಎಷ್ಟು ಎಂಎಲ್ ಹೋಯ್ತು ಅಂತ ಅಳೆದು ಇನ್‌ಟೇಕ್ ಔಟ್‌ಪುಟ್ ಚಾರ್ಟಿನಲ್ಲಿ ಬರೆದೆ.

ಎರಡು ಬೆಡ್ ಆಚೆ ಮೇಡಂ ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ. ಅವರು ಮಾಲೂರಿನವರು, ತೆಲುಗು ಬರುತ್ತೆ.

ಗುರುವಾರ ಮೂರೂವರೆಗೆ ಹೋದೆ. ಮೇಜಿನ ಮೇಲೆ ನನ್ನ 30ಕ್ಕೆ 8ರ ಪೇಪರ್ ಇತ್ತು. ಮೂರನೇ ಪ್ರಶ್ನೆ ತೋರಿಸಿದರು. ಫ್ಯೂರೋಸೆಮೈಡ್ ಹೇಗೆ ಕೆಲಸ ಮಾಡುತ್ತೆ, ಅಡ್ಡ ಪರಿಣಾಮ ಏನು, ನರ್ಸ್ ಏನು ನೋಡಬೇಕು, 5 ಅಂಕ. ನಾನು ಎರಡು ಸಾಲು ಬರೆದು ಬಿಟ್ಟಿದ್ದೆ. ಸಿಕ್ಕಿದ್ದು ಅರ್ಧ ಅಂಕ.

'ಮೊನ್ನೆ ಅಜ್ಜಿಗೆ ಹೇಳಿದೆಯಲ್ಲ, ಅದಕ್ಕೆ ನಾನು ನಾಲ್ಕೂವರೆ ಕೊಡ್ತೀನಿ' ಅಂದರು. 'ಕೆಲಸ ಮಾಡುವ ರೀತಿ ಹೇಳಿದೆ. ಪೊಟ್ಯಾಶಿಯಂ ಅನ್ನೋ ಉಪ್ಪು ಹೋಗೋದು ಹೇಳಿದೆ. ಬೆಳಿಗ್ಗೆ ಯಾಕೆ ಅಂತ ಹೇಳಿದೆ. ಔಟ್‌ಪುಟ್ ಅಳೆದೆ. ತೂಕ ನೋಡೋದು, ಬಿಪಿ ನೋಡೋದು ಎರಡು ಬಿಟ್ಟೆ, ಅಷ್ಟೇ. ನಿನಗೆ ಬರುತ್ತೆ ಕಣಮ್ಮ.'

ನನಗೆ ಅಳು ಬಂತು. ಅವರು ಅಳೋಕೆ ಬಿಟ್ಟರು. ಆಮೇಲೆ ಒಂದು 100 ಪುಟದ ನೋಟ್‌ಬುಕ್ ಕೊಟ್ಟರು. ಎಡಗಡೆ ಪುಟದಲ್ಲಿ ಅಜ್ಜಿಗೆ ಹೇಳೋ ಹಾಗೆ ಬರಿ, ಕನ್ನಡವೋ ತೆಲುಗೋ ನಿನ್ನಿಷ್ಟ. ಬಲಗಡೆ ಅದೇ ವಿಷಯ ಪರೀಕ್ಷೆಯ ಇಂಗ್ಲಿಷಿನಲ್ಲಿ ಬರಿ. ಎಡಗಡೆ ತುಂಬದೆ ಬಲಗಡೆ ಮುಟ್ಟಬೇಡ. ದಿನಕ್ಕೆ ಒಂದೇ ಮಾತ್ರೆ. ಅದೂ ಅವತ್ತು ವಾರ್ಡಿನಲ್ಲಿ ಕೈಯಾರೆ ಮುಟ್ಟಿದ ಮಾತ್ರೆ.

ಜೂನಿಯರ್‌ಗೆ ನಾನು ಬಸ್ಸಿನಲ್ಲಿ ಹೇಳೋಕೆ ಹೊರಟಿದ್ದು ಈ ನೋಟ್‌ಬುಕ್ ವಿಷಯ. ಡಿಜಾಕ್ಸಿನ್ ಅನ್ನೋ ಹೃದಯದ ಮಾತ್ರೆಯ ಪುಟದ ಎಡಗಡೆ ನಾನು ಬರೆದದ್ದು: 'ಕೊಡುವ ಮುಂಚೆ ಎದೆ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸು. 60ಕ್ಕಿಂತ ಕಮ್ಮಿ ಇದ್ದರೆ ಕೊಡಬೇಡ, ಓಡಿ ಹೋಗಿ ಹೇಳು. ತೂಬಿನ ಮಾತ್ರೆ ಜೊತೆಗಿದ್ದರೆ ಇನ್ನೂ ಹುಷಾರು.' ಆ ಕೊನೆಯ ಸಾಲು ಬರೆದಾಗ ರಾತ್ರಿ ಎದ್ದು ಕೂತೆ. ತೂಬಿನ ಮಾತ್ರೆಯಿಂದ ಪೊಟ್ಯಾಶಿಯಂ ಕಮ್ಮಿಯಾಗುತ್ತೆ, ಅದು ಕಮ್ಮಿಯಾದರೆ ಡಿಜಾಕ್ಸಿನ್ ವಿಷದ ಹಾಗೆ ತಿರುಗಿಕೊಳ್ಳುತ್ತೆ ಅನ್ನೋದು ಮೊದಲ ಸಲ ಒಂದಕ್ಕೊಂದು ಸೇರಿತು. ಎರಡು ಬೇರೆ ಬೇರೆ ಪಾಠ ಅಂದುಕೊಂಡಿದ್ದೆ. ಒಂದೇ ಅಜ್ಜಿಯ ಎರಡು ಮಾತ್ರೆ ಅವು. ಕಬ್ಬಿಣದ ಮಾತ್ರೆ ಪುಟದಲ್ಲಿ 'ಕಾಫಿ ಜೊತೆ ಬೇಡ, ನಿಂಬೆ ಪಾನಕದ ಜೊತೆ ಸರಿ, ಕಕ್ಕಸು ಕಪ್ಪಗಾದರೆ ಹೆದರಬೇಡಿ' ಅಂತ ಇದೆ. ಅದಕ್ಕೆ ಬಲಗಡೆ ಪುಟ ಬರೆಯೋಕೆ ಐದು ನಿಮಿಷ ಸಾಕಾಯ್ತು.

ಮೇಡಂ ಇನ್ನೊಂದು ಮಾಡಿದರು. ನನ್ನ ಒಂದು ವಾರವನ್ನು ಗಂಟೆ ಲೆಕ್ಕದಲ್ಲಿ ಬರೆಸಿದರು. ಬೆಳಿಗ್ಗೆ ಐದಕ್ಕೆ ಏಳೋದು, ಆರೂಕಾಲಿಗೆ ಬಸ್ಸು, ಎಂಟಕ್ಕೆ ವಾರ್ಡು, ಸಾಯಂಕಾಲ ಏಳಕ್ಕೆ ಮನೆ. ರಾತ್ರಿ ಹನ್ನೊಂದರವರೆಗೆ ಕೇರ್ ಪ್ಲಾನ್ ಬರೆಯುತ್ತಿದ್ದೆ, ತೂಕಡಿಸುತ್ತಾ. ಅದನ್ನು ನೋಡಿ, ಅಸೆಸ್‌ಮೆಂಟ್, ಅಂದರೆ ರೋಗಿಯ ಸ್ಥಿತಿ ನೋಡಿ ಬರೆಯುವ ಭಾಗವನ್ನು ವಾರ್ಡಿನಲ್ಲೇ, ರೋಗಿಯ ಪಕ್ಕದಲ್ಲೇ ಬರೆದು ಮುಗಿಸು ಅಂದರು. ಮನೆಗೆ ಬಂದು ನೆನಪು ಮಾಡಿಕೊಂಡು ಬರೆಯೋಕೆ ಎರಡು ಗಂಟೆ ಹಿಡಿಯುತ್ತಿದ್ದದ್ದು ಅಲ್ಲಿ ಇಪ್ಪತ್ತು ನಿಮಿಷಕ್ಕೆ ಆಗುತ್ತಿತ್ತು. ರಾತ್ರಿ ಹತ್ತಕ್ಕೆ ಮಲಗಲೇಬೇಕು ಅಂತ ಫಾರಂನ 'ಸಲಹೆ' ಕಾಲಂನಲ್ಲೇ ಬರೆದರು. ನಿದ್ದೆಯನ್ನು ಸಲಹೆ ಅಂತ ಬರೆದ ಮೇಡಂ ಅವರೊಬ್ಬರೇ.

ಉತ್ಸಾಹದ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಸೆಮಿಸ್ಟರ್ ಶುರುವಿನಲ್ಲಿ ಎಲ್ಲರಿಗೂ ಇರುತ್ತೆ. ಸೀನಿಯರ್‌ಗಳು ವಿದೇಶದ ಕೆಲಸಕ್ಕೆ ಅಂತ ಜರ್ಮನ್ ಕಲಿಯುತ್ತಿರುತ್ತಾರೆ, ಯಾರದೋ ಅಕ್ಕ ದುಬೈಯಲ್ಲಿರುತ್ತಾಳೆ, ಅದನ್ನೆಲ್ಲ ಕೇಳಿ ಮೈಯಲ್ಲಿ ಜೋಶ್ ಬರುತ್ತೆ. ಒಂಬತ್ತನೇ ವಾರಕ್ಕೆ ಅದು ಯಾವುದೂ ಕೆಲಸಕ್ಕೆ ಬರಲ್ಲ. ದುಬೈ ತುಂಬಾ ದೂರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಗುರುವಾರ ಮೂರೂವರೆಗೆ ಒಬ್ಬರು ನನ್ನ ನೋಟ್‌ಬುಕ್ ತೆರೆದು ಎಡಗಡೆ ಪುಟ ಓದುತ್ತಾರೆ ಅನ್ನೋದು. ಒಂದು ಸಲ ಓದುತ್ತಾ ಓದುತ್ತಾ 'ಈ ತೂಬಿನ ಮಾತು ನಾನು ಮುಂದಿನ ಬ್ಯಾಚಿಗೆ ಹೇಳಿಕೊಡಲಾ?' ಅಂತ ಕೇಳಿದರು. ಅವತ್ತು ಬಸ್ ಸ್ಟ್ಯಾಂಡಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ.

ಬಿಡುವ ವಿಷಯ ಅವರಿಗೆ ಹೇಳಲೇ ಇಲ್ಲ. ಎರಡನೇ ಇಂಟರ್ನಲ್ಸ್‌ನಲ್ಲಿ 30ಕ್ಕೆ 19 ಬಂತು. ನಾಲ್ಕನೇ ಸೆಮಿಸ್ಟರಿನ ಯೂನಿವರ್ಸಿಟಿ ಪರೀಕ್ಷೆ ಪಾಸಾಯ್ತು. ದೊಡ್ಡ ಅಂಕ ಅಲ್ಲ, ಆದರೆ ಪ್ರತಿ ಉತ್ತರ ನನ್ನದು.

ನಿಮ್ಮ ಮೆಂಟರ್ ಹೀಗೆ ಕರೆಯದಿದ್ದರೆ ನೀವೇ ಹೋಗಿ. 'ಸಮಸ್ಯೆ ಇಲ್ಲ' ಅಂತ ದಯವಿಟ್ಟು ಬರೆಯಬೇಡಿ. ಪೇಪರ್ ತಗೊಂಡು ಹೋಗಿ, ಯಾವ ಪ್ರಶ್ನೆಯಲ್ಲಿ ಯಾಕೆ ಹೋಯ್ತು ಅಂತ ಕೇಳಿ. ಎಷ್ಟು ಕ್ಲಾಸ್ ತಪ್ಪಿಸಬಹುದು ಅಂತ ಕೇಳೋಕೂ ನಾಚಿಕೆ ಬೇಡ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬ ಮೇಡಂ ಹತ್ತಿರ ಹೋಗಿ.

ನೋಟ್‌ಬುಕ್ ಈಗ ಮೂರನೇದು ನಡೀತಿದೆ. ಈ ಭಾನುವಾರ ಮನೆಯಲ್ಲಿ ಅಮ್ಮ ಕಾಲು ಚಾಚಿ ಕೂತಾಗ ಕಣಕಾಲಿನ ಹತ್ತಿರ ಊದಿದ್ದು ಕಂಡಿತು. ಒತ್ತಿ ನೋಡಿದೆ. ಅಮ್ಮನಿಗೆ ಬಿಪಿ ಇದೆ, ಆರು ತಿಂಗಳಿಂದ ಆಮ್ಲೊಡಿಪಿನ್ ತಗೊಳ್ಳುತ್ತಿದ್ದಾಳೆ. ಆ ಮಾತ್ರೆಗೆ ಕಾಲು ಊದೋದು ಉಂಟು ಅಂತ ನನ್ನ ಎರಡನೇ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೇನೆ. ಬೇರೆ ಕಾರಣವೂ ಇರಬಹುದು, ಡಾಕ್ಟರೇ ನೋಡಬೇಕು. ನೀನಾಗಿ ನೀನು ಮಾತ್ರೆ ನಿಲ್ಲಿಸಬೇಡ, ತೋರಿಸಿಕೊಂಡು ಬರೋಣ ಅಂತ ತೆಲುಗಿನಲ್ಲಿ ಕೂರಿಸಿಕೊಂಡು ಹೇಳಿದೆ. 'ಇದೂ ತೂಬಿನ ಮಾತ್ರೆನಾ?' ಅಂದಳು. ಅಲ್ಲ, ಇದು ರಕ್ತ ಹರಿಯೋ ಕಾಲುವೆ ಅಗಲ ಮಾಡೋ ಮಾತ್ರೆ ಅಂದೆ.

ನಾಳೆ ಶನಿವಾರ, ನನಗೆ ಪೋಸ್ಟಿಂಗ್ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದೇವೆ. ಕೂಲಿಗೆ ಬರಲ್ಲ ಅಂತ ಅಮ್ಮ ಈಗಷ್ಟೇ ಮೇಸ್ತ್ರಿಗೆ ಫೋನ್ ಮಾಡಿ ಹೇಳಿದಳು.