ಬ್ರೇಕ್ ಹಾಕಿದ ಬಸ್ಸು ಹಿಂದಕ್ಕೆ ಬರುತ್ತಾ ಸರ್?

ಪ್ರಥಮ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸರಳ ರೇಖೆಯಲ್ಲಿ ಚಲನೆ ಪಾಠ ಮುಗಿಸಿ ಒಂದು ಟೆಸ್ಟ್ ಕೊಟ್ಟಿದ್ದೆ. ಅದರಲ್ಲಿದ್ದ ಒಂದು ಲೆಕ್ಕ ಇದು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬಸ್ಸಿಗೆ ಡ್ರೈವರ್ ಬ್ರೇಕ್ ಹಾಕುತ್ತಾರೆ. ಒಂದೊಂದು ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ. ಬ್ರೇಕ್ ಹಾಕಿದ ಮೇಲೆ 6 ಸೆಕೆಂಡಿನಲ್ಲಿ ಬಸ್ಸು ಎಷ್ಟು ದೂರ ಹೋಗುತ್ತದೆ?

ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಆಮೇಲೆ ಎಲ್ಲರಿಗೂ ಬಾಯಿಪಾಠ ಇರುವ ಸೂತ್ರ: ಎಸ್ ಈಕ್ವಲ್ ಟು ಯುಟಿ ಪ್ಲಸ್ ಹಾಫ್ ಎಟಿ ಸ್ಕ್ವೇರ್. ಎಸ್ ಅಂದರೆ ಹೊರಟ ಜಾಗದಿಂದ ಇರುವ ದೂರ, ಯು ಮೊದಲಿನ ವೇಗ, ಟಿ ಸಮಯ, ಎ ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು; ಇಲ್ಲಿ ವೇಗ ಇಳಿಯುವುದರಿಂದ ಮೈನಸ್ 5. 120ರಲ್ಲಿ 90 ಕಳೆದರೆ 30 ಮೀಟರ್. ನಾನು ಬರೆದಿಟ್ಟುಕೊಂಡ ಉತ್ತರವೂ ಅದೇ, ತರಗತಿಯಲ್ಲಿ ಹೆಚ್ಚಿನವರು ಬರೆದದ್ದೂ ಅದೇ. ಒಬ್ಬ ಹುಡುಗಿ ಮಾತ್ರ 40 ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ.

ಪೇಪರ್ ಕೊಟ್ಟ ದಿನ ಅವಳು ಸ್ಟಾಫ್ ರೂಮಿಗೆ ಬಂದಳು.

"ಸರ್, ಒಂದು ಡೌಟು. ಇದೇ ಸೂತ್ರಕ್ಕೆ 4 ಸೆಕೆಂಡ್ ಹಾಕಿದ್ರೆ 40 ಬರುತ್ತೆ. 5 ಹಾಕಿದ್ರೆ 37.5. 6 ಹಾಕಿದ್ರೆ 30. ಬ್ರೇಕ್ ಹಾಕಿದ ಬಸ್ಸು ಹಿಂದಕ್ಕೆ ಬರುತ್ತಾ ಸರ್?"

ಅವಳ ಪೇಪರ್ ತೆಗೆದುಕೊಂಡು ಅಲ್ಲೇ ಮತ್ತೆ ಲೆಕ್ಕ ಮಾಡಿದೆ. 20ನ್ನು 5ರಿಂದ ಭಾಗಿಸಿದರೆ 4. ಬಸ್ಸು 4 ಸೆಕೆಂಡಿಗೇ ನಿಂತಿದೆ! ಉಳಿದ 2 ಸೆಕೆಂಡ್ ಅದು ಇದ್ದಲ್ಲೇ ಇದೆ. "ನೀನು ಬರೆದದ್ದೇ ಸರಿ ಕಣಮ್ಮಾ" ಅಂದೆ. ಮರುದಿನ ನನ್ನ ಉತ್ತರ ತಪ್ಪಿತ್ತು ಅಂತ ತರಗತಿಗೆ ಹೇಳಿ, ಅವಳ ಕೈಯಲ್ಲೇ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದೆ.

ಸೂತ್ರ ತಪ್ಪಿರಲಿಲ್ಲ. ವೇಗೋತ್ಕರ್ಷ ಒಂದೇ ಸಮ ಇರುವಷ್ಟು ಹೊತ್ತು ಮಾತ್ರ ಅದನ್ನು ಬಳಸಬೇಕು. ಬ್ರೇಕ್ ಇರುವುದು ಓಡುವ ಬಸ್ಸನ್ನು ತಡೆಯಲು. ಬಸ್ಸು ನಿಂತ ಮೇಲೆ ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ, ವೇಗೋತ್ಕರ್ಷವೂ ಸೊನ್ನೆ ಆಗುತ್ತದೆ. ನಾನು 6 ಸೆಕೆಂಡಿಗೂ ಅದೇ 5ನ್ನು ಹಾಕಿಬಿಟ್ಟಿದ್ದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಹಾಗಾದ್ರೆ ಮೇಲಕ್ಕೆ ಎಸೆದ ಕಲ್ಲು ಸರ್? ಅದೂ ಮೇಲೆ ಹೋಗಿ ನಿಲ್ಲುತ್ತೆ ಅಲ್ವಾ?" ತುಂಬಾ ಒಳ್ಳೆಯ ಪ್ರಶ್ನೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದ ಕಲ್ಲು, ಗುರುತ್ವವನ್ನು 10 ಅಂತ ಹಿಡಿದರೆ, 2 ಸೆಕೆಂಡಿಗೆ 20 ಮೀಟರ್ ಎತ್ತರದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆದರೆ ಭೂಮಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಇಲ್ಲಿ 3 ಸೆಕೆಂಡ್ ಹಾಕಿದರೂ ಸೂತ್ರ ಸರಿಯಾಗಿಯೇ ಹೇಳುತ್ತದೆ: 15 ಮೀಟರ್. ಅದು ಆಗ ಕಲ್ಲು ಇರುವ ಎತ್ತರ, ಅಂದರೆ ಸ್ಥಾನಪಲ್ಲಟ. ಕ್ರಮಿಸಿದ ದೂರ ಕೇಳಿದರೆ 20 ಮೇಲಕ್ಕೆ, 5 ಕೆಳಕ್ಕೆ, ಒಟ್ಟು 25. ಮಕ್ಕಳು ಎಡವುವುದು ಜಾಸ್ತಿ ಇಲ್ಲೇ.

ಅಂದಿನಿಂದ ನನ್ನ ತರಗತಿಯಲ್ಲಿ ಸೂತ್ರ ಬರೆಯುವ ಮೊದಲು ಒಂದು ಗೆರೆ ಎಳೆಯಬೇಕು. ಹೊರಟ ಜಾಗಕ್ಕೆ ಸೊನ್ನೆ, ಪ್ಲಸ್ ಯಾವ ಕಡೆ ಅನ್ನುವುದಕ್ಕೆ ಒಂದು ಬಾಣ. ವೇಗ ಕಡಿಮೆಯಾಗುವ ಲೆಕ್ಕವಾದರೆ, ಅದು ಯಾವಾಗ ಸೊನ್ನೆ ಆಗುತ್ತದೆ ಅಂತ ಪಕ್ಕದಲ್ಲಿ ಬರೆಯಬೇಕು. "ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ ಸರ್, ಇಷ್ಟಕ್ಕೆಲ್ಲ ಟೈಮ್ ಎಲ್ಲಿ?" ಅಂತ ಮಕ್ಕಳು ಕೇಳುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಗೆರೆಗೆ ಹತ್ತು ಸೆಕೆಂಡ್ ಸಾಕು. ಇಂಥ ಲೆಕ್ಕಕ್ಕೆ ನಾಲ್ಕು ಆಯ್ಕೆ ಕೊಡುವವರು 30ನ್ನು ಮರೆಯದೆ ಸೇರಿಸುತ್ತಾರೆ.

ಬಸ್ಸಿನ ಲೆಕ್ಕವನ್ನು ಈಗಲೂ ಪ್ರತಿ ವರ್ಷ ಟೆಸ್ಟಿನಲ್ಲಿ ಕೊಡುತ್ತೇನೆ. ಮೂರು ಅಂಕದ ಪ್ರಶ್ನೆ. ಬಸ್ಸು 4 ಸೆಕೆಂಡಿಗೆ ನಿಲ್ಲುತ್ತದೆ ಅಂತ ಬರೆದವರಿಗೆ, ಮುಂದಿನ ಲೆಕ್ಕ ತಪ್ಪಿದರೂ, ಎರಡು ಅಂಕ.