ತಾಯಿ ಇಲ್ಲದ ಹೆಬ್ಬಾತು ಮೊಟ್ಟೆಗಳು: ಥರ್ಮೊಕೋಲ್ ಪೆಟ್ಟಿಗೆಯ ದಿನಚರಿ

ಮಾರ್ಚ್ 2, ರಾತ್ರಿ

ಶ್ರೀರಂಗಪಟ್ಟಣದ ಹತ್ತಿರ ಮಾವನ ತೋಟ. ಕಾವಿಗೆ ಕೂತಿದ್ದ ಹೆಬ್ಬಾತನ್ನು ಇವತ್ತು ಬೆಳಗಿನ ಜಾವ ನಾಯಿಗಳು ಕೊಂದವು. "ಮೊಟ್ಟೆ ಇನ್ನೂ ಗೂಡಲ್ಲೇ ಇವೆ ಕಣೋ, ಏನಾದ್ರೂ ಮಾಡೋಕಾಗುತ್ತಾ?" ಅಂತ ಮಾವ ಫೋನ್ ಮಾಡಿದರು. ಹೋಗಿ ನೋಡಿದರೆ ಆರು ಮೊಟ್ಟೆ, ಮುಟ್ಟಿದರೆ ತಣ್ಣಗೆ. ತಾಯಿ ಮೇಯಲು ಎದ್ದಾಗಲೂ ಮೊಟ್ಟೆ ತಣಿಯುತ್ತದೆ. ಕೆಲವು ಗಂಟೆ ಒಳಗಿನ ಜೀವ ತಡೆದುಕೊಳ್ಳಬಹುದು. ಆ ಆಸೆಯಲ್ಲೇ ಬುಟ್ಟಿಗೆ ಹತ್ತಿ ಹಾಸಿ ಮೈಸೂರಿಗೆ ತಂದೆ.

ನಾಟಿ ಕೋಳಿಗೆ ಮಾಡಿದ್ದ ಥರ್ಮೊಕೋಲ್ ಪೆಟ್ಟಿಗೆ ಇತ್ತು. ಎರಡು ಬಲ್ಬು, ಹಳೇ ಕಂಪ್ಯೂಟರಿನ ಫ್ಯಾನು, ಥರ್ಮೋಸ್ಟಾಟ್. 37.5 ಡಿಗ್ರಿಗೆ ನಿಲ್ಲಿಸಿದೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದಾಗ ಎರಡು ಮೊಟ್ಟೆ ಖಾಲಿ. ಉಳಿದ ನಾಲ್ಕರಲ್ಲಿ ಜೇಡನ ಕಾಲಿನ ಹಾಗೆ ಕೆಂಪು ನರ, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಅಲುಗುತ್ತಿತ್ತು! ತಾಯಿ ಎಂದು ಕೂತಳೋ ಮಾವನಿಗೆ ನೆನಪಿಲ್ಲ. ನರ ನೋಡಿ ಆರು ದಿನ ಅಂತ ಲೆಕ್ಕ ಹಾಕಿದೆ. ಹೆಬ್ಬಾತಿಗೆ ಸುಮಾರು 30 ದಿನ ಕಾವು ಬೇಕು. ಅಂದರೆ ಮಾರ್ಚ್ 26ರ ಆಸುಪಾಸು.

ಅಮ್ಮ ಬಂದು ಪೆಟ್ಟಿಗೆಯ ಮೂಲೆಯಲ್ಲಿ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟರು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಅಜ್ಜಿ ಕೋಳಿ ಬುಟ್ಟಿಯಲ್ಲಿ ಇಡುತ್ತಿದ್ದರಂತೆ. ಇರಲಿ ಅಂತ ನಾನೂ ತೆಗೆಯಲಿಲ್ಲ.

ಮಾರ್ಚ್ 7

ದಿನಕ್ಕೆ ಐದು ಸಲ ಹೊರಳಿಸುತ್ತಿದ್ದೇನೆ. ಮೊಟ್ಟೆಗಳನ್ನು ಮಲಗಿಸಿಯೇ ಇಟ್ಟಿದ್ದೇನೆ. ಒಂದು ಪಕ್ಕಕ್ಕೆ ಪೆನ್ಸಿಲಿನಲ್ಲಿ ಗುಂಡು, ಇನ್ನೊಂದಕ್ಕೆ ಗೆರೆ. ಇಂದಿನಿಂದ ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದು ತಣಿಸಿ, ಉಗುರುಬೆಚ್ಚಗಿನ ನೀರು ಚಿಮುಕಿಸುವುದು. ತಾಯಿ ಬಾತು ನೀರಿಗಿಳಿದು ಒದ್ದೆ ಗರಿಯಲ್ಲೇ ಬಂದು ಕೂರುತ್ತದೆ ಅಲ್ವಾ, ಅದರ ಬದಲಿಗೆ ಇದು.

ಮಾರ್ಚ್ 10

ತೂಕದಲ್ಲಿ ಏನೋ ತಪ್ಪಾಗಿದೆ. ಕಾವಿನ ಉದ್ದಕ್ಕೂ ಮೊಟ್ಟೆಯ ನೀರು ಆರುತ್ತಾ, ತೂಕ ಶೇಕಡಾ 12ರಿಂದ 15 ಇಳಿಯಬೇಕು. ಆಗ ಮಾತ್ರ ಒಳಗಿನ ಗಾಳಿ ಜಾಗ ಸಾಕಷ್ಟು ದೊಡ್ಡದಾಗುತ್ತದೆ. ಮರಿ ತೆಗೆಯುವ ಮೊದಲ ಉಸಿರು ಅಲ್ಲೇ. 150 ಗ್ರಾಂ ಮೊಟ್ಟೆ ದಿನಕ್ಕೆ 0.7 ಗ್ರಾಂನಷ್ಟು ಇಳಿಯಬೇಕಿತ್ತು. ಎಂಟು ದಿನಕ್ಕೆ ಇಳಿದದ್ದು ಬರೀ ಮೂರು ಗ್ರಾಂ. ತೇವದ ಮೀಟರು ಮಾತ್ರ 55 ಅಂತಲೇ ತೋರಿಸುತ್ತಿದೆ.

ಮೀಟರನ್ನೇ ಪರೀಕ್ಷೆ ಮಾಡಿದೆ. ಅಡುಗೆ ಉಪ್ಪಿಗೆ ಚೂರು ನೀರು ಹಾಕಿ ಮಣ್ಣಿನ ಹಾಗೆ ಕಲಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಬೇಕು. 75 ತೋರಿಸಬೇಕು. ನನ್ನದು 64 ತೋರಿಸಿತು. ಅಂದರೆ ಪೆಟ್ಟಿಗೆಯಲ್ಲಿ ಇಷ್ಟು ದಿನ ಜಾಸ್ತಿ ತೇವವಿತ್ತು. ಒಂದು ನೀರಿನ ತಟ್ಟೆ ತೆಗೆದೆ. ಮೊಟ್ಟೆ ತೂಗುವ ಅಭ್ಯಾಸ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕಾವು ಕೊಡುವವರು ದಯವಿಟ್ಟು ಅಡುಗೆಮನೆಯ ತಕ್ಕಡಿ ಪಕ್ಕದಲ್ಲಿಟ್ಟುಕೊಳ್ಳಿ.

ಮಾರ್ಚ್ 15

ಸಂಜೆ ಮೂರು ಗಂಟೆ ಕರೆಂಟು ಇಲ್ಲ. ಬಾಟಲಿಗಳಲ್ಲಿ ಬಿಸಿನೀರು ತುಂಬಿ ಒಳಗಿಟ್ಟು, ಪೆಟ್ಟಿಗೆಗೆ ಕಂಬಳಿ ಸುತ್ತಿದೆವು. 35ಕ್ಕಿಂತ ಕೆಳಗಿಳಿಯಲಿಲ್ಲ. ಮೂರನೇ ಮೊಟ್ಟೆಯಲ್ಲಿ ನರಗಳು ಕರಗಿ ರಕ್ತದ ಉಂಗುರವಾಗಿದೆ. ಅದು ಕರೆಂಟಿಗೂ ಮೊದಲೇ ಹೋಗಿತ್ತು ಅನ್ನಿಸುತ್ತದೆ. ಹಿತ್ತಲಲ್ಲಿ ಹೂತೆ.

ಮಾರ್ಚ್ 24

ಗಾಳಿ ಜಾಗದ ಗೆರೆ ಒಂದು ಕಡೆಗೆ ಜಾರಿದೆ. ಟಾರ್ಚ್ ಬೆಳಕಿನಲ್ಲಿ ಕೊಕ್ಕಿನ ನೆರಳು. ಇನ್ನು ಹೊರಳಿಸುವುದಿಲ್ಲ. ಮರಿ ಹೊರಬರುವ ಹೊತ್ತಿಗೆ ತೇವ ಜಾಸ್ತಿ ಬೇಕು, ಹಾಗಾಗಿ ತಟ್ಟೆ ಮತ್ತೆ ಇಟ್ಟು 75ಕ್ಕೆ ಏರಿಸಿದೆ. ತೋಟಕ್ಕೆ ಹೋಗಿ ಗಂಡು ಬಾತಿನ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಪೆಟ್ಟಿಗೆಯ ಪಕ್ಕ ಹಾಕಿದರೆ ಒಳಗಿಂದ ಚಿಂವ್ ಚಿಂವ್! ಚಿಪ್ಪಿನೊಳಗಿಂದ. ಅಮ್ಮನ ಕಣ್ಣಲ್ಲಿ ನೀರು.

ಮಾರ್ಚ್ 27

ಒಂದನೇ ಮೊಟ್ಟೆ ಮೊನ್ನೆ ಬೆಳಿಗ್ಗೆ ನಕ್ಷತ್ರದ ಹಾಗೆ ಬಿರಿಯಿತು. ಆಮೇಲೆ ಇಡೀ ದಿನ ಏನೂ ಇಲ್ಲ. ಕೈ ಹಾಕಬಾರದು. ಈ ಹೊತ್ತಿನಲ್ಲಿ ಮರಿ ಹೊಟ್ಟೆಯೊಳಗೆ ಹಳದಿಯನ್ನು ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ. ಅವಸರದಲ್ಲಿ ಸಿಪ್ಪೆ ಬಿಡಿಸಿದರೆ ರಕ್ತ ಸೋರಿ ಸಾಯಬಹುದು. 25 ದಿನದಲ್ಲಿ ಅತಿ ಕಷ್ಟ ಅನ್ನಿಸಿದ್ದು ಈ ಸುಮ್ನೆ ಕೂರುವುದೇ. ನಿನ್ನೆ ಸಂಜೆ ಸುತ್ತಲೂ ಗೆರೆ ಕೊಯ್ದು ಹೊರಗೆ ಬಂತು. ರಾತ್ರಿ ಎರಡನೆಯದು. ನಾಲ್ಕನೆಯದು ಬರಲಿಲ್ಲ. ಒಳಗೆ ಪೂರ್ತಿ ಬೆಳೆದ ಮರಿ, ಗಾಳಿ ಜಾಗ ಚಿಕ್ಕದು. ಆ ಮೊದಲ ಎಂಟು ದಿನದ ತೇವವೇ ಕಾರಣ ಅಂತ ನನಗನ್ನಿಸುತ್ತದೆ.

ಏಪ್ರಿಲ್ 8

ಕಾಲು ಜಾರದ ಹಾಗೆ ಗೋಣಿಚೀಲ ಹಾಸಿದ್ದೇನೆ. ಔಷಧಿ ಬೆರೆಸದ ಮರಿ ಫೀಡು, ಅದಕ್ಕೆ ಈಸ್ಟ್ ಪುಡಿ. ನಯಾಸಿನ್ ಅನ್ನೋ ವಿಟಮಿನ್ ಸಾಲದಿದ್ದರೆ ಬಾತು ಮರಿಗಳ ಕಾಲು ಸೊಟ್ಟಗಾಗುತ್ತದೆ. ಎಳೇ ಗರಿಕೆ ಹಾಕಿದರೆ ಬೇರೆಲ್ಲ ಬಿಟ್ಟು ಅದಕ್ಕೇ ಓಡುತ್ತವೆ.

ಇಂದು ಬುಟ್ಟಿಯಲ್ಲಿ ತೋಟಕ್ಕೆ ಒಯ್ದಿದ್ದೆ. ಗಂಡು ಬಾತು ತಂತಿ ಬೇಲಿಯ ಆ ಕಡೆ ಬಂದು ಕತ್ತು ಚಾಚಿ ನಿಂತಿತು. ಒಂದು ಸಲ ಕೂಗಿತು. ಎರಡೂ ಮರಿ ನನ್ನ ಕಾಲು ಬಿಟ್ಟು ಬೇಲಿಯತ್ತ ಹೋದವು. ಅರ್ಧ ಗಂಟೆ ಅಲ್ಲೇ ಕೂತವು. ಸದ್ಯಕ್ಕೆ ಬೇಲಿ ನಡುವೆಯೇ ಇರಲಿ ಅಂದರು ಮಾವ. ರಾತ್ರಿಗೆ ಮತ್ತೆ ಬಲ್ಬಿನ ಕೆಳಗೆ, ನಮ್ಮ ಮನೆಯಲ್ಲೇ.