ಹಣ್ಣುನೊಣದ ಡೈರಿ, ಆರನೇ ವಾರ: ರಾಗಿ ಗೆದ್ದಿರಲಿಲ್ಲ, ಬಲ್ಬ್ ಗೆದ್ದಿತ್ತು

ಹೋದ ಸಲ ಬರೆದಾಗ ಕುಣಿದಾಡಿಬಿಟ್ಟಿದ್ದೆ. ರಾಗಿ ಸೀಸೆಗಳಲ್ಲಿ ಹಣ್ಣುನೊಣದ ಹುಳುಗಳು ಐದನೇ ದಿನಕ್ಕೇ ಕೋಶ ಕಟ್ಟಿದ್ದವು, ರವೆ ಸೀಸೆಗಳಲ್ಲಿ ಏಳು ದಿನ ಬೇಕಾಗಿತ್ತು. ಮಂಡ್ಯದಲ್ಲಿ ಮುದ್ದೆ ತಿಂದು ಬೆಳೆದವನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ರಾಗಿ ತಿಂದರೆ ಹುಳು ಬೇಗ ಬೆಳೆಯುತ್ತೆ ಅಂದ ಆ ಮಾತನ್ನ ಈಗ ವಾಪಸ್ ತಗೊಳ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಮೈಸೂರಿನ ಕುವೆಂಪುನಗರದ ಮನೆ, ಹಿಂದಿನ ಕೋಣೆ, ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್, ಅದರ ಮೇಲೆ ಕಟ್ಟಿದ ಹಳೆ ಫೋನ್. ಕೊಳೆತ ರಸಬಾಳೆಗೆ ಬಂದ ನೊಣಗಳನ್ನ ಹಿಡಿದು ಸಾಕುತ್ತಿದ್ದೇನೆ. ಮೊಟ್ಟೆಯೊಳಗೆ ಏನು ನಡೆಯುತ್ತೆ ಅಂತ ನೋಡೋದು ಒಂದು ಆಸೆ, ಊಟ ಬದಲಾದರೆ ಬೆಳವಣಿಗೆ ಎಷ್ಟು ಬದಲಾಗುತ್ತೆ ಅನ್ನೋದು ಇನ್ನೊಂದು.

ಊಟ ಅಂದರೆ ತುಪ್ಪ ಹಾಕದ ಸಜ್ಜಿಗೆ ಅಂದುಕೊಳ್ಳಿ. 1 ಲೀಟರ್ ನೀರಿಗೆ 100 ಗ್ರಾಂ ರವೆ (ರಾಗಿ ಸೀಸೆಗಾದರೆ ಅದರ ಬದಲು ರಾಗಿ), 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಡ್ರೊಸೊಫಿಲಾ (ಅಂದರೆ ಹಣ್ಣುನೊಣ) ಲ್ಯಾಬಿನವರು ಬಳಸೋದೂ ಇದೇ ಲೆಕ್ಕ, ಬೂಷ್ಟು ಬರದ ಹಾಗೆ 7.5 ಎಂಎಲ್ ಪ್ರೊಪಿಯಾನಿಕ್ ಆಸಿಡ್ ಸೇರಿಸುತ್ತಾರೆ. ನಾನು ಅಗರ್ ಬದಲು ಅಂಗಡಿಯ ಚೈನಾ ಗ್ರಾಸ್ ಹಾಕಿದೆ, ಎರಡೂ ಒಂದೇ. ಆಸಿಡ್ ಬದಲು ವಿನೆಗರ್ ಹಾಕಿದೆ, ಎರಡೂ ಒಂದೇ ಅಲ್ಲ. ಮೊದಲ ಬ್ಯಾಚ್ ಪೂರ್ತಿ ಹಸಿರು ಬೂಷ್ಟು ಹಿಡಿದು ಹೋಯಿತು. ಅದರ ಕಥೆ ಬಿಡಿ.

ಈಗ ತಪ್ಪಿನ ವಿಷಯ. ಟೈಮ್‌ಲ್ಯಾಪ್ಸ್‌ಗೆ ಅಂತ ಹತ್ತು ನಿಮಿಷಕ್ಕೊಂದು ಫೋಟೋ ತೆಗೆಯಲು ಮೈಕ್ರೋಸ್ಕೋಪಿನ ಹ್ಯಾಲೊಜೆನ್ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಸೀಸೆಗಳ ಸಾಲು. ಬಲ್ಬಿಗೆ ಹತ್ತಿರ ಇದ್ದದ್ದು ರಾಗಿ, ಆ ತುದಿಗೆ ಇದ್ದದ್ದು ರವೆ, ಯಾಕೆ ಅಂದರೆ ನಾನು ಹಾಗೆ ಸುಮ್ನೆ ಜೋಡಿಸಿದ್ದೆ, ಅಷ್ಟೇ. ಒಂದು ದಿನ ಬೆಳಗಿನ ಜಾವ ಚಳಿಗೆ ಎದ್ದು ಕೋಣೆಗೆ ಹೋದವನು ಅರಿವಿಲ್ಲದೆ ಆ ಬಲ್ಬಿನ ಹತ್ತಿರ ಕೈ ಕಾಯಿಸಿಕೊಳ್ಳುತ್ತಾ ನಿಂತಿದ್ದೆ. ಆಗ ತಲೆಗೆ ಹೊಳೆಯಿತು. ಥರ್ಮಾಮೀಟರ್ ಇಟ್ಟು ನೋಡಿದರೆ ರಾಗಿ ಕಡೆ 27 ಡಿಗ್ರಿ, ರವೆ ಕಡೆ 22. ಹಣ್ಣುನೊಣಕ್ಕೆ ಮೊಟ್ಟೆಯಿಂದ ನೊಣ ಆಗಲು 25 ಡಿಗ್ರಿಯಲ್ಲಿ ಹತ್ತು ದಿನ ಸಾಕು, 18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಇದು ನನಗೆ ಗೊತ್ತಿದ್ದ ವಿಷಯವೇ! ನೋಟ್ ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ, ಅದೇ ಬೇಜಾರು.

ಈ ಸಲ ಹ್ಯಾಲೊಜೆನ್ ಕಿತ್ತು ಎಲ್‌ಇಡಿ ಹಾಕಿದೆ. ಸೀಸೆಗೆ 50 ಮೊಟ್ಟೆ ಎಣಿಸಿ ಬಿಟ್ಟೆ, ದಿನಾ ಚೀಟಿ ಎತ್ತಿ ಸೀಸೆಗಳ ಜಾಗ ಬದಲಾಯಿಸಿದೆ. ರವೆ, ರಾಗಿ ಎರಡಕ್ಕೂ ಒಂದೊಂದು ಜೊತೆ: ಯೀಸ್ಟ್ ಹಾಕಿದ್ದು, ಹಾಕದೇ ಇದ್ದದ್ದು. ಯೀಸ್ಟ್ ಇದ್ದ ಕಡೆ ರಾಗಿಗೂ ರವೆಗೂ ಅರ್ಧ ದಿನದ ವ್ಯತ್ಯಾಸವೂ ಇಲ್ಲ. ಯೀಸ್ಟ್ ಇಲ್ಲದ ಕಡೆ ಎರಡೂ ಸಮನಾಗಿ ಸೊರಗಿದವು. ಹುಳುವಿಗೆ ಪ್ರೋಟೀನು, ಬಿ ವಿಟಮಿನ್ನು ಬರೋದೇ ಜಾಸ್ತಿ ಯೀಸ್ಟಿನಿಂದ. ಇನ್ನೊಂದು ಇದೆ, ಕೀಟಗಳು ಸ್ಟೆರಾಲನ್ನ (ಕೊಲೆಸ್ಟ್ರಾಲಿನ ಜಾತಿಯ ವಸ್ತು) ತಾವೇ ಮಾಡಿಕೊಳ್ಳಲಾರವು, ನಮ್ಮ ದೇಹ ಕೊಲೆಸ್ಟ್ರಾಲ್ ಮಾಡಿಕೊಳ್ಳುತ್ತೆ ನೋಡಿ, ಆ ಭಾಗ್ಯ ಅವಕ್ಕಿಲ್ಲ, ಊಟದಲ್ಲೇ ಸಿಗಬೇಕು. ಪೊರೆ ಕಳಚುವ ಹಾರ್ಮೋನು ತಯಾರಾಗೋದೂ ಆ ಸ್ಟೆರಾಲಿನಿಂದಲೇ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ನಾವು ಎದೆ ಉಬ್ಬಿಸಬಹುದು. ಮೂಳೆಯೇ ಇಲ್ಲದ ಹುಳು ಅದಕ್ಕೆ ಮರುಳಾಗಲಿಲ್ಲ.

ಈ ವಾರದ ನಿಜವಾದ ಖುಷಿ ಮಾತ್ರ ಬೇರೆ. ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ, ಮುಂದೆ ದೋಣಿಯ ಪುಟ್ಟ ಹುಟ್ಟುಗಳ ಥರ ಎರಡು ಕಡ್ಡಿ. ಮನೆಯ ಬ್ಲೀಚಿಗೆ ಅಷ್ಟೇ ನೀರು ಬೆರೆಸಿ ಎರಡು ನಿಮಿಷ ಅದ್ದಿದರೆ ಹೊರಗಿನ ಸಿಪ್ಪೆ ಕರಗುತ್ತೆ. ಚೆನ್ನಾಗಿ ತೊಳೆದು ಒಂದು ಹನಿ ಎಣ್ಣೆಯಲ್ಲಿಟ್ಟರೆ ಒಳಗೆಲ್ಲ ಕಾಣುತ್ತೆ. ಮೈಕ್ರೋಸ್ಕೋಪಿನ ಕಂಡೆನ್ಸರ್ (ಬೆಳಕನ್ನ ಒಟ್ಟುಗೂಡಿಸುವ ಮಸೂರ) ಕೆಳಗೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಬೊಟ್ಟು ಅಂಟಿಸಿದೆ, ನೇರ ಬೆಳಕು ನಿಂತು ಅಂಚಿನ ಬೆಳಕು ಮಾತ್ರ ಬಂತು, ಹಿನ್ನೆಲೆ ಕಪ್ಪಾಯಿತು. ರಾತ್ರಿ ಹನ್ನೊಂದೂವರೆಗೆ ಒಳಗಿನ ಮರಿ ಆಗಲೇ ಹೊರಳುತ್ತಿತ್ತು. ಬಾಯಿಯ ಕಪ್ಪು ಕೊಕ್ಕೆ ಮುಂದೆ ಹಿಂದೆ ಆಡುತ್ತಿತ್ತು. ನೋಡ್ತಾ ನೋಡ್ತಾ ಮೈಯುದ್ದಕ್ಕೂ ಎರಡು ಬೆಳ್ಳಿ ಎಳೆ ಸರಕ್ಕನೆ ಹೊಳೆದವು. ಉಸಿರಾಟದ ಕೊಳವೆಗಳು. ಅಲ್ಲಿವರೆಗೆ ಒಳಗೆ ನೀರಿತ್ತು, ಆಗ ಗಾಳಿ ತುಂಬಿತು. ಟೇಪ್ ತೆಗೆದು ಮಾಮೂಲಿ ಬೆಳಕಿನಲ್ಲಿ ನೋಡಿದರೆ ಅವೇ ಎಳೆಗಳು ಕಪ್ಪಗೆ. ಗಾಳಿ, ಎಣ್ಣೆ, ಬೆಳಕಿನ ಬಾಗುವಿಕೆ ಅಂತ ವಿವರಿಸಬಹುದು, ಆದರೆ ಆ ಕ್ಷಣದಲ್ಲಿ ನಾನು ಮಾಡಿದ್ದು ಹೆಂಡತಿಯನ್ನ ಎಬ್ಬಿಸಿದ್ದು. ಅವಳು ಒಂದು ಸಲ ಇಣುಕಿ, "ಹೂಂ, ಚೆನ್ನಾಗಿದೆ, ಮಲಗು" ಅಂದಳು.

ಯೀಸ್ಟ್ ಇಲ್ಲದ ರಾಗಿ ಸೀಸೆಯಲ್ಲಿ ಇವತ್ತಿಗೆ ಹದಿನಾರನೇ ದಿನ. ಮೂರು ಹುಳು ಇನ್ನೂ ತೆವಳುತ್ತಿವೆ, ಜೀರಿಗೆಯ ಅರ್ಧ ಕೂಡ ಇಲ್ಲ. ಅಮ್ಮ ನೋಡಿ, "ಪಾಪ, ಒಂದು ಚಮಚ ಹುಳಿ ಬಂದ ದೋಸೆ ಹಿಟ್ಟಾದರೂ ಹಾಕೋ" ಅಂದರು. ತಮಾಷೆಗೆ ಅಂದದ್ದು. ಆದರೆ ಹುದುಗಿದ ಹಿಟ್ಟಿನಲ್ಲಿ ಯೀಸ್ಟ್ ಇರುತ್ತಲ್ವಾ? ಶುಕ್ರವಾರ ಹೊಸ ಬ್ಯಾಚ್ ಇಡುತ್ತೇನೆ, ಅದರಲ್ಲಿ ನಾಲ್ಕು ಸೀಸೆ ದೋಸೆ ಹಿಟ್ಟಿಗೆ.